ಸೂಜಿತೂತು

ಮೊದಲ ದೀಪ ಉರಿಯಲಿಲ್ಲ,
ಸುಟ್ಟಿತು.
ಬಲ್ಬಿಗೂ ಬಟ್ಟೆಗೂ ನಡುವೆ ಎರಡು ಬೆರಳು ಬಿಟ್ಟಿದ್ದೆ,
ನಾಲ್ಕು ಬಿಡಬೇಕಿತ್ತು.
ಕೌಲ್ ಬಜಾರಿನ ಆ ಓಣಿ ತುಂಬ ಜೀನ್ಸಿನ ಕಮಟು.
ಎದುರಿನ ಮಿರ್ಚಿ ಬಂಡಿಯವನು ಇಣುಕಿದ:
‘ಏನಮ್ಮಾ, ಪ್ಯಾಂಟು ಕರೀತಿದೀರೇನು?’

ಎರಡನೆಯದಕ್ಕೆ ಬೆಳಕೇ ಬರಲಿಲ್ಲ.
ಜೀನ್ಸೆಂದರೆ ಅದಿರು ಲಾರಿಯ ತಾಡಪಾಲಿನ ತಮ್ಮ.
ಒಳಗೆ ಸೂರ್ಯನನ್ನಿಟ್ಟರೂ
ಹೊರಗೆ ಅಮಾಸೆ.
ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ:
ಮಾದರಿ ಎರಡು. ಕತ್ತಲೆ ಚೆನ್ನಾಗಿ ಬಂದಿದೆ.

ಸ್ಟೂಲಿನ ಕತೆ ಬೇರೆ.
ಮಾನಪ್ಪ ಬಡಿಗೇರ ನನ್ನ ನಕ್ಷೆಯನ್ನು
ತಲೆಕೆಳಗೆ ಹಿಡಿದು ನೋಡಿದ,
ನಾನು ಸರಿಮಾಡಿ ಕೊಟ್ಟ ಮೇಲೆ ನೋಡಿದ,
‘ಮೊದ್ಲೇ ಚಂದಿತ್ತು’ ಅಂದ.
ಜಾಲಿ ಕಟ್ಟಿಗೆಗೆ ನನ್ನ ಮಿಲಿಮೀಟರು ಗೊತ್ತಿಲ್ಲ.
ಅದಕ್ಕೆ ಗೊತ್ತಿರುವುದು ಏಪ್ರಿಲ್ ತಿಂಗಳ ಬಳ್ಳಾರಿ.
ಬೆಳಿಗ್ಗೆ ನಾಲ್ಕೂ ಕಾಲು ನೆಲ ಮುಟ್ಟಿದ್ದವು,
ಮಧ್ಯಾಹ್ನಕ್ಕೆ ಮೂರೂವರೆ.
ಕಂಪ್ಯೂಟರಿನೊಳಗೆ ಮಾತ್ರ
ನೆರಳಿಲ್ಲದೆ, ದಣಿವಿಲ್ಲದೆ
ಬಿಳಿ ಬಯಲಲ್ಲಿ ತಿರುಗುತ್ತಲೇ ಇತ್ತು
ಯಾರೂ ಯಾವತ್ತೂ ಕೂರದ ನನ್ನ ಸ್ಟೂಲು.

ಕೂರುವವರು ಯಾರು, ಕೇಳಿದ್ದರು ಕಾಲೇಜಿನಲ್ಲಿ.
ಬಳಕೆದಾರರು ಅಂತ ಬರೆದಿದ್ದೆ,
ವಯಸ್ಸು ಇಪ್ಪತ್ತರಿಂದ ಐವತ್ತು.

ಜೈತುನಬಿಗೆ ಐವತ್ತಮೂರು.
ಇಪ್ಪತ್ತಾರು ವರ್ಷದಿಂದ
ಅವಳ ಕೆಲಸ ಹೊಲಿಯುವುದಲ್ಲ,
ಬಿಚ್ಚುವುದು.
ಎಲ್ಲಿ ಯಾವ ಹುಡುಗನ ಕೈ ಜಾರಿತೋ,
ಎಲ್ಲಿ ಜೇಬು ಓರೆಯಾಯಿತೋ
ಆ ಪ್ಯಾಂಟೆಲ್ಲ ಅವಳ ಮಡಿಲಿಗೆ.
ಉಗುರಿನಷ್ಟು ಬ್ಲೇಡು, ಟಿಕ್, ಟಿಕ್,
ಹಳದಿ ದಾರ ಹುಳದಂತೆ ಹೊರಗೆ ಬರುತ್ತದೆ.
ಪೀಸಿಗಿಷ್ಟು ಅಂತ ಕಾಸು.
ತಪ್ಪು ಯಾವಾಗಲೂ ಬೇರೆಯವರದು.

ಒಂದು ತಾಸು ಸ್ಟೂಲಿನ ಮೇಲೆ ಕೂತಳು, ಮಾತಿಲ್ಲ.
ಆಮೇಲೆ ಎದ್ದು
ಗೋಡೆ ಬದಿಯ ಎಣ್ಣೆಡಬ್ಬಿ ಎಳೆದುಕೊಂಡು
ಅದರ ಮೇಲೆ ಕೂತಳು.
‘ನಿಂದು ಚಲೋನೇ ಐತೆ ಬೇಟಿ, ಆದ್ರೆ
ಎತ್ತರ ಆತು. ಮಡಿಲು ಇಳಿಜಾರಾಗ್ತೈತೆ,
ಪ್ಯಾಂಟು ಜಾರ್ತೈತೆ.
ನಂಗೆ ಮಡಿಲು ಬೇಕು.’

ಮಡಿಲು.
ನನ್ನ ಯಾವ ಅಳತೆಪಟ್ಟಿಯಲ್ಲೂ ಇರಲಿಲ್ಲ ಅದು.
ಮಾನಪ್ಪ ನಾಲ್ಕು ಬೆರಳು ಗರಗಸಕ್ಕೆ ಕೊಟ್ಟ
(ಸ್ಟೂಲಿನ ಕಾಲಿನದು, ಗಾಬರಿ ಬೇಡ).

ದೀಪ ಮೂರು, ನಾಲ್ಕು: ಹೇಳುವಂಥದ್ದೇನಿಲ್ಲ.

ಒಂದು ಸಂಜೆ ಕರೆಂಟು ಹೋಗಿ
ಮೆಷಿನ್ನುಗಳೆಲ್ಲ ಒಮ್ಮೆಗೇ ಉಸಿರು ಬಿಟ್ಟಾಗ
ಜೈತುನಬಿ, ದಾರದ ತುಣುಕು ಉಳಿದಿದೆಯಾ ಅಂತ,
ಬಿಚ್ಚಿದ ಪ್ಯಾಂಟನ್ನು ಕಿಟಕಿಗೆ ಹಿಡಿದಳು.
ಕೋಟೆಗುಡ್ಡದ ಹಿಂದೆ ಇಳಿಯುತ್ತಿದ್ದ ಬಿಸಿಲು
ಹೊಲಿಗೆ ಇದ್ದಲ್ಲೆಲ್ಲ
ಸಾಲಾಗಿ, ಚುಕ್ಕಿ ಚುಕ್ಕಿಯಾಗಿ
ಈಚೆ ಬಂತು.

ಸೂಜಿ ಹೊಕ್ಕ ಜಾಗವನ್ನು
ಬಟ್ಟೆ ಇನ್ನೂ ಮರೆತಿರಲಿಲ್ಲ.

‘ಒಂದು ನೀರು ಕಂಡ್ರೆ ಮುಚ್ಕೊಂತಾವೆ ಬಿಡು.’
‘ತೊಳೀಬೇಡಿ’ ಅಂದೆ.
ಕೂಗಿದೆನೇನೋ,
ಕಟಿಂಗ್ ಮಾಸ್ತರು ಕತ್ತರಿ ಹಿಡಿದೇ ಓಡಿ ಬಂದರು.

ಐದನೆಯದು ಉರಿಯಿತು, ಸುಡಲಿಲ್ಲ.
ಗೋಡೆಯ ಮೇಲೆ ಚುಕ್ಕಿಗಳಲ್ಲಿ
ಒಂದು ಓರೆ ಜೇಬು.
ಊಟದ ಡಬ್ಬಿ ಹಿಡಿದ ಹುಡುಗರು ಸುತ್ತ ನಿಂತರು.
ಜೈತುನಬಿ ಕಣ್ಣು ಕಿರಿದು ಮಾಡಿ ಓದಿದಳು,
ಕಾಗದ ಓದಿದ ಹಾಗೆ:
‘ಇದು ನಮ್ಮ ಶೇಕ್ಷಾವಲಿ ಕೈ.
ಮೂಲೆ ಬಂದ್ರೆ ಸಾಕು, ಎಡಕ್ಕೆ ಎಳೀತಾನೆ.’
ಶೇಕ್ಷಾವಲಿ ತಲೆ ತಗ್ಗಿಸಿದ.
ಆಮೇಲೆ ನಕ್ಕ.
ಆಮೇಲೆ ಮೊಬೈಲು ತೆಗೆದು ಫೋಟೊ ಹೊಡೆದುಕೊಂಡ.

ನಾಳೆ ಜೂರಿ.
ದೀಪಕ್ಕೆ ಹಳೇ ಪತ್ರಿಕೆ ಸುತ್ತಿದ್ದೇನೆ,
ರಾತ್ರಿ ಬಸ್ಸಿಗೆ ಇನ್ನೂ ಹೊತ್ತಿದೆ.
ಸ್ಟೂಲು ಬೇಕು.
ಅದರ ಮೇಲೆ ಜೈತುನಬಿ ಕೂತಿದ್ದಾಳೆ,
ಕುಂಟುವ ಕಾಲಿಗೆ ಜೀನ್ಸಿನ ಚೂರು ಮಡಿಸಿಟ್ಟು.
ಮಡಿಲಲ್ಲಿ ಇನ್ನೂ ಹದಿನೆಂಟು ಪ್ಯಾಂಟು.

ನಾನು ಎಣ್ಣೆಡಬ್ಬಿಯ ಮೇಲೆ
ಕಾಯುತ್ತಿದ್ದೇನೆ.